ಕೊಟ್ಟ ಮೇಲೆ ಒಮ್ಮೆ ಹೋಗಿ ನೋಡೋಣ

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಪಾಠ)

ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. 34 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳಿಗೆ ಹದಿನೈದು ನಿಮಿಷ ಹಾಜರಿ ಕರೆಯಲಿಕ್ಕೇ ಸಾಕಾಗುವುದಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಗೆ ಒಂದು ಸಂಸ್ಥೆಯಿಂದ ವಿದ್ಯಾರ್ಥಿವೇತನ ಬಂತು. ವೇದಿಕೆಗೆ ಕರೆದರು, ಚೆಕ್ ಕೊಟ್ಟರು, ಫೋಟೊ ತೆಗೆದರು. ನಾನೂ ಚಪ್ಪಾಳೆ ತಟ್ಟಿದೆ. ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಪ್ರತಿದಿನ ಹೆಸರು ಕರೆದೆ, ಗೈರುಹಾಜರಿ ಹಾಕಿದೆ, ಕೊನೆಗೆ ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ನಾಲ್ಕು ವರ್ಷದ ನಂತರ ಒಂದು ಮದುವೆ ಮನೆಯಲ್ಲಿ ಸಿಕ್ಕಿದಳು, ಕಂಕುಳಲ್ಲಿ ಮಗು. "ಯಾಕಮ್ಮ ಬಿಟ್ಟೆ?" ಎಂದು ಕೇಳಿದೆ. "ಉಮ್ಮನಿಗೆ ಹುಷಾರಿರಲಿಲ್ಲ ಟೀಚರ್, ಬೀಡಿ ಕಟ್ಟಲು ಜನ ಇರಲಿಲ್ಲ. ಯಾರಾದರೂ ಒಮ್ಮೆ ಮನೆಗೆ ಬಂದು ಕೇಳಿದ್ದರೆ ಉಮ್ಮ ಕಳಿಸುತ್ತಿದ್ದರು" ಎಂದಳು. ಅವಳ ಮನೆ ಶಾಲೆಯಿಂದ ಇಪ್ಪತ್ತು ನಿಮಿಷದ ದಾರಿ. ಹಣ ಕೊಟ್ಟವರೂ ಹೋಗಲಿಲ್ಲ, ಪಾಠ ಮಾಡಿದ ನಾನೂ ಹೋಗಲಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಿವೃತ್ತಿಯ ನಂತರ ನಾನು ಹೆಚ್ಚಾಗಿ ಓದಿ ತಿಳಿದುಕೊಂಡ ಒಂದು ಸಂಸ್ಥೆಯ ಬಗ್ಗೆ ಹೇಳುತ್ತೇನೆ. ಅದು ಬಾಂಗ್ಲಾದೇಶದ 'ಬ್ರಾಕ್'.

ಇದನ್ನು ಕಟ್ಟಿದವರು ಫಝ್ಲೆ ಹಸನ್ ಆಬೆದ್. ಲಂಡನ್ನಿನಲ್ಲಿ ಲೆಕ್ಕಪತ್ರ ಕಲಿತು ಬಂದು ಚಿತ್ತಗಾಂಗ್‌ನಲ್ಲಿ ಶೆಲ್ ಎಣ್ಣೆ ಕಂಪೆನಿಯ ದೊಡ್ಡ ಹುದ್ದೆಯಲ್ಲಿದ್ದರು. 1970ರ ನವೆಂಬರ್‌ನಲ್ಲಿ ಭೀಕರ ಚಂಡಮಾರುತ ಬಂದು ಲಕ್ಷಗಟ್ಟಲೆ ಜನ ಸತ್ತರು. ಅದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ತಮ್ಮ ಸುಖದ ಜೀವನ ರುಚಿಸಲಿಲ್ಲ. ಮರುವರ್ಷ ಯುದ್ಧ. ಭಾರತಕ್ಕೆ ಓಡಿಬಂದಿದ್ದ ನಿರಾಶ್ರಿತರು 1972ರಲ್ಲಿ ಊರಿಗೆ ಮರಳಿದಾಗ ಅಲ್ಲಿ ಮನೆಯಿಲ್ಲ, ಎತ್ತಿಲ್ಲ, ದೋಣಿಯಿಲ್ಲ. ಆಬೆದ್ ಲಂಡನ್ನಿನಲ್ಲಿದ್ದ ತಮ್ಮ ಫ್ಲಾಟ್ ಮಾರಿ, ಆ ಹಣದಿಂದ ಸಿಲ್ಹೆಟ್ ಕಡೆಯ ಸುಲ್ಲಾ ಎಂಬಲ್ಲಿ ಕೆಲಸ ಶುರುಮಾಡಿದರು.

ಅವರ ಕೆಲಸದಲ್ಲಿ ನನಗೆ ಪಾಠವಾದದ್ದು ಮೂರು ಸಂಗತಿ.

ಮೊದಲನೆಯದು ಉಪ್ಪು ಮತ್ತು ಬೆಲ್ಲದ ಕಥೆ. ಆಗ ಅಲ್ಲಿ ಭೇದಿಯಿಂದ ಸಾಯುವ ಮಕ್ಕಳಿಗೆ ಲೆಕ್ಕವಿರಲಿಲ್ಲ. 1980ರಿಂದ ಬ್ರಾಕ್‌ನ ಹೆಣ್ಣುಮಕ್ಕಳು ಮನೆಮನೆಗೆ ನಡೆದು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು ಕಲಸುವುದನ್ನು ತಾಯಂದಿರಿಗೆ ಕಲಿಸಿದರು. ಹತ್ತು ವರ್ಷದಲ್ಲಿ ಸುಮಾರು 1 ಕೋಟಿ 20 ಲಕ್ಷ ಮನೆಗಳನ್ನು ಮುಟ್ಟಿದರು. ಎಷ್ಟು ಮನೆಗೆ ಹೋದಿರಿ ಎಂದು ನೋಡಿ ಅವರಿಗೆ ಸಂಬಳ ಕೊಡುತ್ತಿರಲಿಲ್ಲ. ಕೆಲವು ವಾರಗಳ ನಂತರ ಬೇರೆಯವರು ಆಯ್ದ ಮನೆಗಳಿಗೆ ಹೋಗಿ ತಾಯಿಯನ್ನು ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ! ನಮಗೆ ಶಿಕ್ಷಕರಿಗೆ ಹಾಗೆ ಮಾಡಿದ್ದರೆ ಎಷ್ಟು ಜನ ಉಳಿಯುತ್ತಿದ್ದೆವೋ.

ಆದರೂ ಮೊದಮೊದಲು ತಾಯಂದಿರು ಕಲಿತದ್ದನ್ನು ಬಳಸುತ್ತಿರಲಿಲ್ಲ. ಯಾಕೆ ಎಂದು ವಿಚಾರಿಸಿದಾಗ ಎರಡು ಕಾರಣ ಸಿಕ್ಕಿತು. ಕಲಿಸಲು ಹೋದವರಿಗೇ ಅದರಲ್ಲಿ ಪೂರ್ತಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ಜೊತೆಗೆ ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಕೆಲಸಗಾರರಿಗೆ ಮತ್ತೆ ತರಬೇತಿ ಕೊಟ್ಟರು. ಗಂಡಸರ ಜೊತೆ ಮಸೀದಿಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಮಾತಾಡಿದರು. ಹಿಂದಿರುಗಿ ಹೋಗಿ ನೋಡದೇ ಇದ್ದಿದ್ದರೆ ಈ ತಪ್ಪು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡನೆಯದು ಶಾಲೆ. ತಾಯಂದಿರೇ ಕೇಳಿದ್ದರಿಂದ 1985ರಲ್ಲಿ 22 ಶಾಲೆ ತೆರೆದರು. ಒಂದೇ ಕೋಣೆ, ಸುಮಾರು 30 ಮಕ್ಕಳು, ಹೆಚ್ಚಿನವರು ಹೆಣ್ಣುಮಕ್ಕಳು. ಅದೇ ಊರಿನ ಹೆಣ್ಣುಮಗಳೇ ಟೀಚರ್. ಒಂದೇ ಗುಂಪಿನ ಮಕ್ಕಳನ್ನು ತರಗತಿಯಿಂದ ತರಗತಿಗೆ ಅವಳೇ ಕರೆದುಕೊಂಡು ಹೋಗುತ್ತಾಳೆ. ಊರಿನ ಕೆಲಸಕ್ಕೆ ಹೊಂದುವಂತೆ ಸಮಯ. ಬಿ.ಎಡ್. ಮಾಡಿದ ನನಗಿಂತ ಕಡಿಮೆ ಓದಿದವರು ಅವರು. ಆದರೆ ಬಾರದ ಮಗುವಿನ ಮನೆ ಅವರಿಗೆ ಗೊತ್ತಿತ್ತು.

ಮೂರನೆಯದು ಕಡುಬಡವರ ವಿಷಯ. ಬ್ರಾಕ್ ಸಣ್ಣ ಸಾಲ ಕೊಡುವುದಕ್ಕೂ ಹೆಸರುವಾಸಿ. ಬಡ್ಡಿಯ ಸಾಲದ ಬಗ್ಗೆ ನಮ್ಮಲ್ಲಿ ಬಲವಾದ ಆಕ್ಷೇಪವಿದೆ, ಬೇರೆಯವರೂ ಪ್ರಶ್ನೆ ಎತ್ತಿದ್ದಾರೆ. ಅದನ್ನು ಹೊಗಳಲು ನಾನು ಬಂದಿಲ್ಲ. ಸಾಲ ತೀರಾ ಬಡವರನ್ನು ಮುಟ್ಟುವುದೇ ಇಲ್ಲ ಎಂದು ಅವರೇ ಕಂಡುಕೊಂಡರು. 2002ರಲ್ಲಿ ಬೇರೆ ದಾರಿ ಹಿಡಿದರು. ಊರಿನವರನ್ನು ಸೇರಿಸಿ, ನೆಲದ ಮೇಲೆ ಊರಿನ ನಕ್ಷೆ ಬರೆದು, ಯಾರ ಮನೆಯಲ್ಲಿ ಎಷ್ಟು ಕಷ್ಟ ಎಂದು ಊರಿನವರ ಬಾಯಿಂದಲೇ ಕೇಳಿದರು. ತೀರಾ ಬಡವರೆಂದು ಕಂಡ ಮನೆಯ ಹೆಂಗಸಿಗೆ ಹಸುವೋ ಆಡೋ ಕೊಟ್ಟರು. ಅದು ಫಲ ಕೊಡುವವರೆಗೆ ಹೊಟ್ಟೆಗೆ ಸ್ವಲ್ಪ ಹಣ. ಸಾಕುವ ತರಬೇತಿ, ಉಳಿತಾಯದ ಅಭ್ಯಾಸ, ಕಾಯಿಲೆಗೆ ಸಹಾಯ. ಎರಡು ವರ್ಷ ಒಬ್ಬರು ಮನೆಗೆ ಬಂದು ವಿಚಾರಿಸುತ್ತಿದ್ದರು.

ಇದೇ ಕ್ರಮವನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಪೆರು, ಪಾಕಿಸ್ತಾನ ಮತ್ತು ನಮ್ಮ ಪಶ್ಚಿಮ ಬಂಗಾಳದಲ್ಲಿ ಬೇರೆ ಬೇರೆ ಸಂಸ್ಥೆಗಳು ಮಾಡಿನೋಡಿದವು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯ ನಿಂತು ಒಂದು ವರ್ಷವಾದ ಮೇಲೂ ಹೆಚ್ಚಿನ ಕಡೆ ಆ ಮನೆಗಳು ಮೊದಲಿಗಿಂತ ಚೆನ್ನಾಗಿದ್ದವು. ಎಲ್ಲ ಕಡೆಯೂ ಅಲ್ಲ. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ.

ಬ್ರಾಕ್ 2002ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಯಿತು, ನಂತರ ಉಗಾಂಡ, ತಾಂಜಾನಿಯಾ ಮುಂತಾದ ಕಡೆಗೆ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕಲಿಸುವುದನ್ನು ನಾವು ಪಾಠಪುಸ್ತಕದಲ್ಲಿ ಓದಿದ್ದೇವೆ. ಇಲ್ಲಿ ಒಂದು ಬಡ ದೇಶ ತಾನು ಕಷ್ಟಪಟ್ಟು ಕಲಿತದ್ದನ್ನು ಇನ್ನೊಂದು ಬಡ ದೇಶಕ್ಕೆ ಹೊತ್ತುಕೊಂಡು ಹೋಯಿತು. ಆಬೆದ್ 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೆಲಸ ನಡೆಯುತ್ತಿದೆ.

ಈಗ ನಮ್ಮ ವಿಷಯ. ನಾವು ಬ್ರಾಕ್ ಅಲ್ಲ, ಆಗುವುದೂ ಬೇಡ. ಆದರೆ ಇಪ್ಪತ್ತು ನಿಮಿಷದ ದಾರಿ ನಡೆಯಲು ನಮ್ಮಿಂದ ಆಗುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡಬೇಕೆಂದು ನಂಬಿದವರು ನೀವು. ಹೆಸರು ಮುಚ್ಚಿಡಿ, ಅದು ಒಳ್ಳೆಯದು. ಆದರೆ ಕೊಟ್ಟದ್ದು ಏನಾಯಿತು ಎಂದು ತಿಳಿಯುವುದು ಜಂಬವಲ್ಲ, ಅಮಾನತ್‌ನ ಲೆಕ್ಕ. ನಿಮ್ಮ ಝಕಾತ್ ಹಣ ಚೆಕ್ಕಾದ ದಿನಕ್ಕೇ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಮಧ್ಯಾವಧಿ ರಜೆಯ ನಂತರ, ಮತ್ತು ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ. ಆ ಎರಡು ಸಮಯದಲ್ಲಿ ಒಂದೊಂದು ಸಲ ಮನೆಗೆ ಹೋಗಿಬರುವವರು ಬೇಕು. ಐದು ಮನೆಗಳನ್ನು ನಾನು ಬರೆಸಿಕೊಂಡಿದ್ದೇನೆ. ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ.

ತಾಯಂದಿರೇ, ಈ ವರ್ಷದ ಅರ್ಜಿಯ ಕೊನೆಯಲ್ಲಿ ಒಂದು ಹೊಸ ಸಾಲು ಸೇರಿದೆ: ತೊಂದರೆ ಬಂದರೆ ಟ್ರಸ್ಟ್‌ನಿಂದ ಯಾರು ನಿಮ್ಮನ್ನು ವಿಚಾರಿಸಬೇಕು ಎಂದು. ಅದನ್ನು ಖಾಲಿ ಬಿಡಬೇಡಿ. ಮಗು ಶಾಲೆ ಬಿಟ್ಟರೆ ಹಣ ವಾಪಸ್ ಕೇಳುತ್ತಾರೆಂಬ ಹೆದರಿಕೆ ಬೇಡ, ಹಾಗೆ ಕೇಳುವುದಿಲ್ಲ ಎಂದು ಅಧ್ಯಕ್ಷರು ಒಪ್ಪಿದ್ದಾರೆ. ಬಿಡುವ ಮೊದಲು ಒಂದು ಮಾತು ತಿಳಿಸಿ. ಮನೆಗೆ ಬಂದವರು ತಪ್ಪು ಹುಡುಕಲು ಬಂದವರಲ್ಲ. ನಿಮಗೆ ಚಹಾ ಮಾಡುವ ತೊಂದರೆಯೂ ಬೇಡ.

ಮಕ್ಕಳೇ, ನಿಮ್ಮ ಬೀದಿಯಲ್ಲಿ ನಿಮಗಿಂತ ಸಣ್ಣ ತರಗತಿಯ ಒಬ್ಬರನ್ನು ಆರಿಸಿಕೊಳ್ಳಿ. ವಾರಕ್ಕೆ ಎರಡು ಸಂಜೆ ಅವರ ಜೊತೆ ಕುಳಿತುಕೊಳ್ಳಿ. ಅವರು ಶಾಲೆಗೆ ಹೋಗದ ದಿನ ಮೊದಲು ಗೊತ್ತಾಗುವುದು ನಿಮಗೇ.

ಅಂದು ಮದುವೆ ಮನೆಯಲ್ಲಿ ಸಿಕ್ಕಿದ ಆ ಹುಡುಗಿಯ ಮಗು ಈಗ ಹೈಸ್ಕೂಲು ಮುಟ್ಟಿರಬೇಕು. ಅವಳ ಮನೆಗೆ ನಾನು ಇನ್ನೂ ಹೋಗಿಲ್ಲ. ಅಲ್ಲಾಹನು ಆಯುಸ್ಸು ಕೊಟ್ಟರೆ ಈ ತಿಂಗಳಲ್ಲೇ ಹೋಗುತ್ತೇನೆ.