ಆ ಒಂದು ಗಳಿಗೆಯನ್ನು ದಾಟಿಸಿರಿ
(ಗ್ರಾಮೀಣ ದಂಪತಿಗಳ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ತಾಯಿಯ ಆರೋಗ್ಯ, ಮಗುವಿನ ಚುಚ್ಚುಮದ್ದು, ಹೆರಿಗೆಗಳ ನಡುವಣ ಅಂತರ, ಪುಷ್ಟಿಕರವಾದ ಆಹಾರ ಮೊದಲಾದ ವಿಷಯಗಳು. ಇವೆಲ್ಲವೂ ಅವಶ್ಯವೇ ಸರಿ. ಆದರೆ ಮನೆಯಲ್ಲಿ ಒಬ್ಬರ ಮನಸ್ಸು ಬಾಳಿನ ಮೇಲಣ ಆಸೆಯನ್ನೇ ತೊರೆದಿದ್ದರೆ ಉಳಿದ ಯಾವ ಕಲ್ಯಾಣವೂ ಆ ಮನೆಗೆ ದಕ್ಕಲಾರದು. ಆದ್ದರಿಂದ ಈ ದಿನ, ನಾವು ಸಾಮಾನ್ಯವಾಗಿ ಬಾಯಿಬಿಟ್ಟು ಆಡದ ಒಂದು ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಅದು ಆತ್ಮಹತ್ಯೆಯ ಯೋಚನೆ ಮತ್ತು ಅದನ್ನು ತಡೆಯುವಲ್ಲಿ ಮನೆಯವರ ಪಾತ್ರ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ ನಮ್ಮ ದೇಶದಲ್ಲಿ 2022ರಲ್ಲಿ 1,70,924 ಮಂದಿ ಈ ರೀತಿ ಪ್ರಾಣ ಕಳೆದುಕೊಂಡರು. ದಾಖಲಾದ ಕಾರಣಗಳಲ್ಲಿ ಮೊದಲನೆಯದು ಕುಟುಂಬದ ಸಮಸ್ಯೆ. ನೂರರಲ್ಲಿ ಸುಮಾರು 32. ಎರಡನೆಯದು ಕಾಯಿಲೆ, ನೂರರಲ್ಲಿ ಸುಮಾರು 18. ಅಂದರೆ ಈ ದುಃಖದ ಬೇರು ಬಹುಮಟ್ಟಿಗೆ ಮನೆಯೊಳಗೇ ಇದೆ. ಅದಕ್ಕೆ ಪರಿಹಾರವೂ ಮನೆಯಿಂದಲೇ ಆರಂಭವಾಗಬೇಕು.

ಪರಿಹಾರ ಹೇಗೆಂಬುದನ್ನು ತಿಳಿಯಲು ದೂರದ ಎರಡು ಕಡಲ ತೀರಗಳಲ್ಲಿ ನಡೆದ ಕೆಲಸವನ್ನು ಮೊದಲು ನೋಡೋಣ.

ಸಿಡ್ನಿಯ ದಂಪತಿಗಳು

ಆಸ್ಟ್ರೇಲಿಯ ದೇಶದ ಸಿಡ್ನಿ ನಗರದ ಅಂಚಿನಲ್ಲಿ, ಕಡಲಿಗೆ ಮುಖಮಾಡಿ ನಿಂತ ಎತ್ತರದ ಬಂಡೆಗಳಿವೆ. ಬಾಳಿನಲ್ಲಿ ಬೇಸತ್ತ ಹಲವರು ಆ ಸ್ಥಳವನ್ನು ಹುಡುಕಿಕೊಂಡು ಬರುತ್ತಿದ್ದರು. ಅದರ ಎದುರಿಗೇ ಡಾನ್ ರಿಚಿ ಎಂಬುವರೂ ಅವರ ಪತ್ನಿ ಮೋಯಾ ಅವರೂ ವಾಸವಾಗಿದ್ದರು. ರಿಚಿಯವರು ವೈದ್ಯರಲ್ಲ, ಪಂಡಿತರೂ ಅಲ್ಲ. ಯುದ್ಧಕಾಲದಲ್ಲಿ ನೌಕಾದಳದಲ್ಲಿದ್ದು, ಅನಂತರ ಜೀವವಿಮೆಯ ವ್ಯವಹಾರದಲ್ಲಿ ದುಡಿದವರು. ಬೆಳಗ್ಗೆ ಎದ್ದು ಕಿಟಕಿಯಿಂದ ಬಂಡೆಯ ಕಡೆಗೆ ನೋಡುವುದು ಅವರ ಅಭ್ಯಾಸ. ಯಾರಾದರೂ ಒಬ್ಬಂಟಿಯಾಗಿ ಬಹಳ ಹೊತ್ತು ನಿಂತಿದ್ದರೆ ಅವರ ಬಳಿಗೆ ನಡೆದುಹೋಗುತ್ತಿದ್ದರು.

ಹೋಗಿ ಮಾಡುತ್ತಿದ್ದುದೇನು? ಬೈಯುತ್ತಿರಲಿಲ್ಲ, ಬುದ್ಧಿವಾದ ಹೇಳುತ್ತಿರಲಿಲ್ಲ. ಅಂಗೈ ತೆರೆದು ತೋರಿಸುತ್ತ, ಮುಗುಳ್ನಗುತ್ತ, ತಗ್ಗಿದ ದನಿಯಲ್ಲಿ ತನ್ನಿಂದೇನಾದರೂ ಸಹಾಯವಾದೀತೇ ಎಂದು ಕೇಳುತ್ತಿದ್ದರು. ಮನೆಗೆ ಬಂದು ಒಂದು ಬಟ್ಟಲು ಚಹಾ ಕುಡಿಯಬಾರದೇ ಎಂದು ಕರೆಯುತ್ತಿದ್ದರು. ಹಲವರು ಬಂದರು. ಕುಳಿತು ಚಹಾ ಕುಡಿದರು. ತಮ್ಮ ಕಷ್ಟ ಹೇಳಿಕೊಂಡರು. ಜೀವ ಉಳಿಸಿಕೊಂಡು ಮರಳಿದರು. ಸುಮಾರು 50 ವರ್ಷಗಳ ಕಾಲ ಹೀಗೆ ಅವರು ಉಳಿಸಿದ ಜೀವಗಳು 160ಕ್ಕೂ ಹೆಚ್ಚೆಂದು ಲೆಕ್ಕವಿದೆ. 2006ರಲ್ಲಿ ಅವರ ದೇಶ ಅವರಿಗೆ ಪದಕವಿತ್ತು ಗೌರವಿಸಿತು. 2010ರಲ್ಲಿ ಸ್ಥಳೀಯ ಪೌರಸಭೆಯು ಪತಿಪತ್ನಿಯರಿಬ್ಬರನ್ನೂ ವರ್ಷದ ನಾಗರಿಕರೆಂದು ಸನ್ಮಾನಿಸಿತು. ರಿಚಿಯವರು 2012ರಲ್ಲಿ ತೀರಿಕೊಂಡರು.

ಎಲ್ಲರನ್ನೂ ಉಳಿಸಲು ಅವರಿಗೂ ಸಾಧ್ಯವಾಗಲಿಲ್ಲ. ಆದರೂ ಮರುದಿನ ಬೆಳಗ್ಗೆ ಮತ್ತೆ ಕಿಟಕಿಯ ಬಳಿ ನಿಲ್ಲುವುದನ್ನು ಅವರು ಬಿಡಲಿಲ್ಲ.

ಗಳಿಗೆ ದಾಟಿದರೆ ಬಾಳು ಉಂಟು

ಒಂದು ಬಟ್ಟಲು ಚಹಾದಿಂದ ಸಾಲ ತೀರುವುದೇ, ಕಾಯಿಲೆ ವಾಸಿಯಾಗುವುದೇ ಎಂದು ನೀವು ಕೇಳಬಹುದು. ಇಲ್ಲ, ತೀರುವುದಿಲ್ಲ. ಆದರೆ ಆ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮನಸ್ಸಿನ ಬಿರುಗಾಳಿ ತುಸು ತಗ್ಗುತ್ತದೆ. ಸಾಯಬೇಕೆಂಬ ತೀವ್ರವಾದ ಆವೇಗವು ಸಾಮಾನ್ಯವಾಗಿ ಒಂದೇ ಸಮನೆ ಉಳಿಯುವುದಿಲ್ಲ. ಅಲೆಯಂತೆ ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಜೊತೆಗೊಬ್ಬರಿದ್ದರೆ ಅಪಾಯ ಕಡಮೆಯಾಗುತ್ತದೆ.

ಇದಕ್ಕೆ ಆಧಾರವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ದೊಡ್ಡ ಸೇತುವೆಯ ಮೇಲೆ 1937ರಿಂದ 1971ರವರೆಗೆ ತಡೆದು ಉಳಿಸಲ್ಪಟ್ಟ 515 ಮಂದಿಯ ಮುಂದಿನ ಬಾಳನ್ನು ರಿಚರ್ಡ್ ಸೈಡನ್ ಎಂಬ ವಿದ್ವಾಂಸರು ಪರಿಶೀಲಿಸಿ, 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಸುಮಾರು 94 ಮಂದಿ ಇನ್ನೂ ಬದುಕಿದ್ದರು, ಇಲ್ಲವೇ ಸಹಜವಾದ ಕಾರಣಗಳಿಂದ ತೀರಿಕೊಂಡಿದ್ದರು. ಒಮ್ಮೆ ತಡೆದರೆ ಇನ್ನೊಮ್ಮೆ ಮಾಡಿಕೊಂಡೇ ತೀರುವರೆಂಬ ಮಾತು ಸುಳ್ಳೆಂದು ಇದರಿಂದ ಸ್ಪಷ್ಟವಾಗುತ್ತದೆ. ತಡೆಯುವುದು ವ್ಯರ್ಥವಲ್ಲ, ತಡೆದವರಲ್ಲಿ ಬಹುಪಾಲು ಜನ ಬಾಳುತ್ತಾರೆ.

ಜಪಾನಿನ ಪಾಠ

ಜಪಾನ್ ದೇಶದ ಫುಕುಯಿ ಪ್ರಾಂತದಲ್ಲಿ ತೋಜಿಂಬೋ ಎಂಬ ಕಡಲ ಬಂಡೆಗಳಿವೆ. ಅಲ್ಲಿ ಯುಕಿಯೋ ಶಿಗೆ ಎಂಬ ಪೊಲೀಸ್ ಅಧಿಕಾರಿಗಳಿದ್ದರು. 2003ರಲ್ಲಿ, ಸಾಲದ ಹೊರೆ ಹೊತ್ತು ಟೋಕಿಯೋ ನಗರದಿಂದ ಬಂದಿದ್ದ ವೃದ್ಧ ದಂಪತಿಗಳು ಅವರ ಕಣ್ಣಿಗೆ ಬಿದ್ದರು. ಶಿಗೆಯವರು ಅವರನ್ನು ಸಮಾಧಾನಪಡಿಸಿ, ನೆರವಿಗಾಗಿ ಅಧಿಕಾರಿಗಳಿಗೆ ಒಪ್ಪಿಸಿದರು. ಆದರೆ ಆ ದಂಪತಿಗಳಿಗೆ ಅಲ್ಪಸ್ವಲ್ಪ ದಾರಿಖರ್ಚು ದೊರೆಯಿತೇ ಹೊರತು ಆಶ್ರಯ ದೊರೆಯಲಿಲ್ಲ. ಮುಂದಿನ ಊರಿಗೆ ಹೋಗಿರೆಂದು ಸಾಗಹಾಕಲಾಯಿತು. ಕೆಲವೇ ದಿನಗಳಲ್ಲಿ ಅವರಿಬ್ಬರೂ ಬೇರೊಂದು ಪ್ರಾಂತದಲ್ಲಿ ಪ್ರಾಣ ಬಿಟ್ಟರು. ಬಿಡುವ ಮುನ್ನ ಶಿಗೆಯವರಿಗೆ ಒಂದು ಕಾಗದ ಬರೆದಿದ್ದರು.

ನಿವೃತ್ತರಾದ ಮೇಲೆ, 2004ರಲ್ಲಿ, ಶಿಗೆಯವರು ಸ್ವಯಂಸೇವಕರ ಒಂದು ಸಂಸ್ಥೆಯನ್ನು ಕಟ್ಟಿದರು. ಸ್ವಯಂಸೇವಕರು ಬಂಡೆಗಳ ಮೇಲೆ ಸುತ್ತುತ್ತಾರೆ. ಒಂಟಿಯಾಗಿ ಕುಳಿತವರನ್ನು ಮೃದುವಾಗಿ ಮಾತನಾಡಿಸುತ್ತಾರೆ. ಸಮೀಪದ ತಮ್ಮ ಪುಟ್ಟ ಅಂಗಡಿಗೆ ಕರೆತಂದು ಅಕ್ಕಿಯ ಕಡುಬಿನಂತಹ ತಿನಿಸನ್ನು ಕೊಡುತ್ತಾರೆ. ಆ ದೇಶದಲ್ಲಿ ಅದು ಮನೆಮಂದಿಯೆಲ್ಲ ಸೇರಿ ಹಬ್ಬದಂದು ಮಾಡುವ ತಿನಿಸು. ಅದನ್ನು ತಿನ್ನುತ್ತಿದ್ದಂತೆ ಮನೆಯ ನೆನಪಾಗಿ ಎಷ್ಟೋ ಜನರ ಕಣ್ಣು ತುಂಬುತ್ತದೆ, ಬಾಯಿ ಬಿಚ್ಚುತ್ತದೆ.

ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಸಾಲವಿದ್ದವರಿಗೆ ಕಾನೂನಿನ ನೆರವು, ಮನೆಯಿಲ್ಲದವರಿಗೆ ತಂಗಲು ಸ್ಥಳ, ಕೆಲಸವಿಲ್ಲದವರಿಗೆ ಉದ್ಯೋಗ ಹುಡುಕಲು ಸಹಾಯ, ಹೀಗೆ ಕಷ್ಟದ ಮೂಲದವರೆಗೂ ಅವರ ಜೊತೆಯಲ್ಲಿ ನಡೆಯುತ್ತಾರೆ. ಈ ರೀತಿ ಉಳಿದವರು 600ಕ್ಕೂ ಮಿಕ್ಕಿದ್ದಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೀಚಿ ಹೆಡ್ ಎಂಬಲ್ಲಿಯೂ 2004ರಿಂದ ಇಂತಹುದೇ ಒಂದು ತಂಡವು ಕಾವಲು ಸುತ್ತುತ್ತ ಬಂದಿದೆ.

ಸಿಡ್ನಿಯ ಮನೆ ನಮಗೆ ಕಲಿಸುವುದು, ಗಳಿಗೆಯನ್ನು ದಾಟಿಸಬೇಕೆಂದು. ಜಪಾನಿನ ಬಂಡೆ ಕಲಿಸುವುದು, ದಾಟಿಸಿದ ಮೇಲೆ ಕೈಬಿಡಬಾರದೆಂದು. ಈ ಎರಡು ಮಾತುಗಳೇ ಇಂದಿನ ಭಾಷಣದ ಸಾರ.

ನಿಮ್ಮ ಮನೆಯಲ್ಲಿ

ಮಾನ್ಯರೇ, ನಮ್ಮ ಬಹುಪಾಲು ಹಳ್ಳಿಗಳಲ್ಲಿ ಕಡಲೂ ಇಲ್ಲ, ಕಡಲ ಬಂಡೆಯೂ ಇಲ್ಲ. ಆದರೆ ಬತ್ತಿದ ಕೊಳವೆಬಾವಿ, ಬೆಳೆನಷ್ಟ, ಕೈಸಾಲದ ಬಡ್ಡಿ, ಕುಡಿತ, ಮಕ್ಕಳಾಗಲಿಲ್ಲವೆಂಬ ಚುಚ್ಚುಮಾತು, ವರದಕ್ಷಿಣೆಯ ಕಾಟ, ವಾಸಿಯಾಗದ ನೋವು ಇವೆಲ್ಲ ಮನುಷ್ಯನನ್ನು ಅಂತಹ ಅಂಚಿಗೆ ತಂದು ನಿಲ್ಲಿಸಬಲ್ಲವು. ಅಲ್ಲಿ ಕಿಟಕಿಯಿಂದ ನೋಡುವವರು ಬೇರೆ ಯಾರು? ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ.

ಈ ಲಕ್ಷಣಗಳನ್ನು ಗಮನಿಸಿರಿ. ಸರಿಯಾಗಿ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಮಾತು ಬಿಟ್ಟು ಒಂಟಿಯಾಗಿ ಕುಳಿತುಕೊಳ್ಳುವುದು, ಕುಡಿತ ಹೆಚ್ಚಾಗುವುದು, ತಾನು ಮನೆಗೆ ಭಾರವೆಂದು, ತಾನಿಲ್ಲದಿದ್ದರೆ ಎಲ್ಲರೂ ಸುಖವಾಗಿರುವರೆಂದು ಹೇಳುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಬಹುದಿನ ದುಃಖದಲ್ಲಿದ್ದವರು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತರಾಗಿಬಿಡುವುದು. ಬಾಣಂತಿಯು ಎರಡು ವಾರ ಕಳೆದರೂ ಅಳುತ್ತಲೇ ಇದ್ದು, ಮಗುವಿನ ಮೇಲೂ ಆಸಕ್ತಿ ತೋರದಿದ್ದರೆ ಅದನ್ನು ಸೋಮಾರಿತನವೆಂದಾಗಲಿ ಗಾಳಿಚೇಷ್ಟೆಯೆಂದಾಗಲಿ ಭಾವಿಸಬೇಡಿರಿ. ಅದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ.

ಸಾಯುತ್ತೇನೆನ್ನುವವರು ಸಾಯುವುದಿಲ್ಲವೆಂಬ ಮಾತನ್ನು ಎಂದಿಗೂ ನಂಬಬೇಡಿರಿ. ಹಾಗೆ ಹೇಳುವುದು ಎಷ್ಟೋ ವೇಳೆ ಸಹಾಯಕ್ಕಾಗಿ ಇಟ್ಟ ಮೊರೆ. ಅಂತೆಯೇ, ಈ ವಿಷಯ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯವೂ ಬೇಡ. ಏಕಾಂತದಲ್ಲಿ, ಮೆಲ್ಲಗೆ, ನೇರವಾಗಿ ಕೇಳಿರಿ. "ಏನ್ರೀ, ಹದಿನೈದು ದಿನದಿಂದ ನಿಮಗೆ ನಿದ್ರೆಯಿಲ್ಲ, ಅನ್ನವೂ ಸೇರುತ್ತಿಲ್ಲ. ಸತ್ತುಹೋಗಬೇಕು ಎಂದು ಮನಸ್ಸಿಗೆ ಬರುತ್ತಿದೆಯೇ? ನನ್ನ ಹತ್ತಿರ ಹೇಳಿ, ನಾನು ಸಿಟ್ಟಾಗುವುದಿಲ್ಲ" ಎಂದು ಕೇಳಿದರೆ ಹೊತ್ತ ಹೊರೆಯಲ್ಲಿ ಅರ್ಧ ಇಳಿದಂತಾಗುತ್ತದೆ.

ಉತ್ತರ ಹೌದೆಂದು ಬಂದರೆ ಹೀಗೆ ನಡೆದುಕೊಳ್ಳಿರಿ:

1. ಅವರನ್ನು ಒಬ್ಬಂಟಿಯಾಗಿ ಬಿಡಬೇಡಿರಿ. ಹಗಲು ರಾತ್ರಿ ಯಾರಾದರೊಬ್ಬರು ಜೊತೆಗಿರಲಿ.

2. ಮಾತು ಪೂರ್ತಿ ಕೇಳಿರಿ. ಮಕ್ಕಳ ಗತಿಯೇನು, ಮನೆಯ ಮಾನವೇನು ಎಂದು ಹಂಗಿಸಬೇಡಿರಿ. ನಾಚಿಕೆಯಿಂದ ಮನಸ್ಸು ಇನ್ನಷ್ಟು ಮುಚ್ಚಿಕೊಳ್ಳುತ್ತದೆ.

3. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ತೆರೆದಿಡಬೇಡಿರಿ. ಬೇಕಾದಷ್ಟನ್ನೇ ತಂದು, ಉಳಿದುದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ನಂಬಿಕೆಯುಳ್ಳ ಬೇರೊಬ್ಬರಿಗೆ ಕೊಡಿರಿ. ಕೈಗೆ ಸುಲಭವಾಗಿ ಸಿಗದಿದ್ದರೆ ಆ ಕೆಟ್ಟ ಗಳಿಗೆ ದಾಟಿಹೋಗಲು ಸಮಯ ಸಿಗುತ್ತದೆ.

4. ಅಚಾತುರ್ಯ ನಡೆದುಹೋಗಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿರಿ. ವಾಂತಿ ಮಾಡಿಸಲು ಹೋಗಬೇಡಿರಿ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ. ಡಬ್ಬಿಯನ್ನು ಚೀಟಿಯ ಸಹಿತ ವೈದ್ಯರಿಗೆ ತೋರಿಸಿರಿ.

5. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಯಾವ ಹೊತ್ತಿನಲ್ಲಾದರೂ 14416 ಎಂಬ ದೂರವಾಣಿ ಸಂಖ್ಯೆಗೆ ಹಣ ವೆಚ್ಚವಿಲ್ಲದೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಟೆಲಿ ಮಾನಸ್ ಎಂಬ ಈ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಇದರ ಪ್ರಧಾನ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದೆ.

ಮನಸ್ಸಿನ ಚಿಕಿತ್ಸೆಯೆಂಬುದು ಪಟ್ಟಣದವರಿಗೆ ಮಾತ್ರ ಎಂದು ಹಿಂಜರಿಯಬೇಡಿರಿ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಜನರ ಬಾಗಿಲಿಗೆ ತಂದಿತು. 1996ರಲ್ಲಿ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಪೊಲೀಸ್ ಮೊಕದ್ದಮೆಯ ಭಯದಿಂದ ವಿಷಯವನ್ನು ಮುಚ್ಚಿಡುವವರೂ ಉಂಟು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಹೇಳುತ್ತದೆ. ಆದ್ದರಿಂದ ಚಿಕಿತ್ಸೆಗೆ ತಡಮಾಡಬೇಡಿರಿ.

ಕೈಬಿಡದಿರುವುದು

ಇನ್ನು ಎರಡನೆಯ ಮಾತು. ಗಂಡನ ಹೊಡೆತ ತಾಳಲಾರದೆ ಬಾವಿಯ ಬಳಿಗೆ ಹೋದ ಸೊಸೆಯನ್ನು ಕರೆತಂದು, "ಹೊಂದಿಕೊಂಡು ಬಾಳಮ್ಮ" ಎಂದು ಅದೇ ಹೊಡೆತದ ನಡುವೆ ಬಿಟ್ಟರೆ ನಾವು ಮಾಡಿದ್ದೇನು? ಆ ವೃದ್ಧ ದಂಪತಿಗಳಿಗೆ ದಾರಿಖರ್ಚು ಕೊಟ್ಟು ಕಳುಹಿಸಿದವರು ಮಾಡಿದ್ದೂ ಅದನ್ನೇ. ಹೊಡೆತ ನಿಲ್ಲಬೇಕು. ನಿಲ್ಲದಿದ್ದರೆ ಆಕೆಗೆ ತವರಿನಲ್ಲಾಗಲಿ ಬೇರೆಡೆಯಲ್ಲಾಗಲಿ ಆಶ್ರಯ ದೊರೆಯಬೇಕು. 181 ಎಂಬ ಮಹಿಳಾ ಸಹಾಯವಾಣಿಗೆ ತಿಳಿಸಬಹುದು.

ಸಾಲವೇ ಕಾರಣವಾಗಿದ್ದರೆ ಗಂಡಹೆಂಡಿರಿಬ್ಬರೂ ಕುಳಿತು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಚ್ಚಿಟ್ಟ ಸಾಲ ರಾತ್ರಿಯಲ್ಲಿ ಬೆಟ್ಟದಷ್ಟು ಕಾಣುತ್ತದೆ. ಬರೆದಿಟ್ಟರೆ ಅದರ ಅಳತೆ ಗೊತ್ತಾಗುತ್ತದೆ. ಊರಿನ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಸಹಕಾರ ಸಂಘಕ್ಕೋ ಬ್ಯಾಂಕಿಗೋ ಹೋಗಿ ಗಡುವು ಕೇಳಿರಿ. ಹೊಲ ಹೋದರೂ ಬಾಳಲು ದಾರಿಯುಂಟು. ಮನೆಯ ಯಜಮಾನನೇ ಹೋದರೆ ಆ ಹೆಂಡತಿ ಮಕ್ಕಳಿಗೆ ಸಾಲವೂ ಉಳಿಯುತ್ತದೆ, ದುಃಖವೂ ಉಳಿಯುತ್ತದೆ.

ಚಿಕಿತ್ಸೆ ಆರಂಭವಾದ ಮೇಲೆ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ತಪ್ಪದೆ ಕೊಡಿರಿ. ಮಾತ್ರೆ ಫಲ ಕೊಡಲು ಕೆಲವು ವಾರಗಳೇ ಹಿಡಿಯಬಹುದು. ಮೊದಲ ಕೆಲವು ತಿಂಗಳು ವಿಶೇಷವಾದ ಎಚ್ಚರಿಕೆ ಇರಲಿ. ಊರಿನವರು ಆ ಮನೆಯವರನ್ನು ದೂರವಿಡದೆ ಮೊದಲಿನಂತೆಯೇ ಹಬ್ಬಕ್ಕೆ, ಜಾತ್ರೆಗೆ, ಮುಯ್ಯಾಳಿನ ಕೆಲಸಕ್ಕೆ ಕರೆಯಬೇಕು.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಯಾರಾದರೊಬ್ಬರು ಸ್ವತಃ ಅಂತಹ ಯೋಚನೆಯಲ್ಲಿರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ನೋವು ನಿಜ. ಆದರೆ ಅದು ಈ ದಿನ ಇರುವಷ್ಟೇ ಎಂದೆಂದೂ ಇರುವುದಿಲ್ಲ. ಈ ಹೊತ್ತು ಒಬ್ಬರಿಗೆ ಹೇಳಿರಿ. ಮನೆಯವರಿಗೆ ಹೇಳಲಾಗದಿದ್ದರೆ 14416ಕ್ಕೆ ಹೇಳಿರಿ. ಯಾವ ತೀರ್ಮಾನವನ್ನೂ ಈ ರಾತ್ರಿ ಮಾಡಬೇಡಿರಿ.

ದಂಪತಿಗಳೇ, ಇಂದು ಮನೆಗೆ ಹೋದ ಮೇಲೆ ಔಷಧಿಯ ಡಬ್ಬಿ ಎಲ್ಲಿದೆಯೆಂದು ನೋಡಿ ಬೀಗ ಹಾಕಿರಿ. ಅನಂತರ ಒಬ್ಬರೆದುರು ಒಬ್ಬರು ಕುಳಿತು, ಮನಸ್ಸು ಹೇಗಿದೆಯೆಂದು ಕೇಳಿರಿ. ಉತ್ತರ ಬರುವವರೆಗೂ ಕಾಯಿರಿ.