ಒಂದಾದ ಎರಡು ನಕ್ಷತ್ರಗಳು



2002ರ ಜನವರಿಯಲ್ಲಿ ಏಕಶೃಂಗಿ ನಕ್ಷತ್ರಪುಂಜದ ಮಂಕು ಚುಕ್ಕೆಯೊಂದು ಏಕಾಏಕಿ ಪ್ರಜ್ವಲಿಸಿತು. ಹೆಸರು ವಿ838 ಮಾನೊಸೆರೋಟಿಸ್. ಎರಡು ನಕ್ಷತ್ರಗಳು ಡಿಕ್ಕಿಯಾಗಿ ಒಂದಾದವೆಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಆಮೇಲೆ ಅದು ತಾನೇ ಎಸೆದ ಧೂಳಿನಲ್ಲಿ ಮರೆಯಾಯಿತು. ಧೂಳನ್ನು ದಾಟಿ ಬರುವುದು ಅವಗೆಂಪು ಕಿರಣವೇ. ಬಿಸಿ ಧೂಳು ಸೂಸುವುದೂ ಅದನ್ನೇ. ಆದರೆ ಸುಮಾರು 20,000 ಜ್ಯೋತಿರ್ವರ್ಷ ದೂರ! ಒಂದು ದೂರದರ್ಶಕಕ್ಕೆ ಅದು ಬರೀ ಚುಕ್ಕೆ.

ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದಲ್ಲಿ ‘ಚಾರಾ’ ಎಂಬ ಆರು ದೂರದರ್ಶಕಗಳಿವೆ, ಒಂದೊಂದರ ಕನ್ನಡಿ ಒಂದೇ ಮೀಟರು. ಕೆರೆಗೆ ಎರಡು ಕಲ್ಲೆಸೆದಾಗ ಅಲೆಗಳು ಬೆರೆಯುವುದನ್ನು ನೋಡಿದ್ದೀರಲ್ಲ? ಹಾಗೆ ಆರರ ಬೆಳಕನ್ನೂ ಬೆರೆಸಿದರೆ 330 ಮೀಟರು ಅಗಲದ ಕನ್ನಡಿಯಷ್ಟು ಸೂಕ್ಷ್ಮ ವಿವರ ಸಿಗುತ್ತದೆ. 2020ರ ಬಳಿಕ ಪಡೆದ ಚಿತ್ರಗಳಲ್ಲಿ ನಕ್ಷತ್ರದ ಎರಡು ಬದಿಗೆ ಚಾಚಿದ ಮೋಡ ಕಂಡಿತು.

ಫೆಬ್ರವರಿ ರಾತ್ರಿ ನಮ್ಮ ಹನೂರಿನಿಂದ ಮಹಾವ್ಯಾಧದ ಪೂರ್ವಕ್ಕೆ ನೋಡಿ. ನಕ್ಷತ್ರ ಬರಿಗಣ್ಣಿಗೆ ಕಾಣದು, ಅದಿರುವ ಜಾಗ ಮಾತ್ರ ಅದೇ.