ದಫ್ತರಗಳೂ ನಾಡಿನ ಇತಿಹಾಸವೂ
(ನವಿಲುತೀರ್ಥದಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಲಪ್ರಭೆಯು ಗುಡ್ಡಗಳನ್ನು ಸೀಳಿ ಹರಿದ ಈ ನವಿಲುತೀರ್ಥದ ಕಣಿವೆಗೆ ಈಗ ಅಣೆಕಟ್ಟು ಅಡ್ಡ ನಿಂತಿರುವದು. ಅದರ ಹಿಂದಿನ ನೀರಿನಲ್ಲಿ ಎಷ್ಟೋ ಹೊಲಮನೆಗಳು ಮುಳುಗಿದವು. ಯಾವ ಹೊಲವು ಯಾರದಾಗಿತ್ತು, ಊರಿನ ಸೀಮೆಯು ಎಲ್ಲಿಗೆ ಮುಗಿದಿತ್ತು ಎಂಬುದನ್ನು ಇಂದು ಕಣ್ಣು ಹೇಳಲಾರದು. ಹಳೆಯ ಕಾಗದವು ಹೇಳಬಲ್ಲದು. ಕಾಲವೂ ಇಂಥದೇ ಒಂದು ಜಲಾಶಯವು. ಅದರ ತಳವನ್ನು ಕಾಣಿಸುವ ಸಾಧನಗಳಲ್ಲಿ ದಫ್ತರವು ಮುಖ್ಯವಾದುದು.

ಕಿತ್ತೂರಿನ ವೃತ್ತಾಂತವನ್ನೇ ನೋಡಿರಿ. 1824ರ ಸಪ್ಟಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಲಿಂಗೈಕ್ಯನಾಗಲು, ಸಂಸ್ಥಾನದ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮನ್ನಿಸಲಿಲ್ಲ. ಅಕ್ಟೋಬರ 23ರ ಕಾಳಗದಲ್ಲಿ ಅವನು ಮಡಿದನು. ಸ್ಟೀವನ್‌ಸನ್, ಎಲಿಯಟ್ ಎಂಬ ಅಧಿಕಾರಿಗಳು ಸೆರೆಯಾದರು. ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮನವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಲಿಂಗೈಕ್ಯರಾದರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇದೆಲ್ಲವೂ ಈ ಸೀಮೆಯಲ್ಲಿಯೇ ನಡೆಯಿತು. ಆದರೆ ಇದರ ಸರಕಾರೀ ಕಾಗದಗಳನ್ನು ಹುಡುಕುವವನು ದೂರ ಹೋಗಬೇಕಾಗುವದು. ಅಂದು ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದರಿಂದ ಆ ಪತ್ರವ್ಯವಹಾರವನ್ನು ಮುಂಬಯಿಯ ದಫ್ತರಖಾನೆಯಲ್ಲಿ ನೋಡಬೇಕು; ಕಂಪನಿಯ ಒಡೆಯರಿಗೆ ಹೋದ ಪ್ರತಿಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ನೋಡಬೇಕು. 1818ಕ್ಕೆ ಹಿಂದಿನ ಪೇಶವೆ ದಫ್ತರವು ಪುಣೆಯಲ್ಲಿರುವದು. ಅದನ್ನು ಓದಲು ಮೋಡಿ ಲಿಪಿಯ ಜ್ಞಾನವು ಬೇಕು. 1956ರಲ್ಲಿ ಬೆಳಗಾವಿ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು; ಆದರೆ ನೆಲದೊಡನೆ ಹಳೆಯ ದಫ್ತರವೆಲ್ಲ ಬರಲಿಲ್ಲ.

ಕಾಗದವು ದೊರೆತ ಮಾತ್ರಕ್ಕೆ ಸತ್ಯವು ದೊರೆಯಿತೆನ್ನಬಾರದು. ಅದು ಬರೆದವನ ಕಣ್ಣಿನಿಂದಲೇ ಲೋಕವನ್ನು ತೋರಿಸುವದು. ಕಂಪನಿಯವರು ಬಂಡಾಯವೆಂದು ಬರೆದುದನ್ನೇ ಲಾವಣಿಕಾರರು ಶೌರ್ಯವೆಂದು ಹಾಡಿದರು. ಲಾವಣಿಯಲ್ಲಿ ತಿಥಿಯು ತಪ್ಪಬಹುದು. ಪತ್ರದಲ್ಲಿ ನ್ಯಾಯವು ತಪ್ಪಬಹುದು. ಆದಕಾರಣ ಯಾರು ಬರೆದರು, ಯಾರಿಗೆ ಬರೆದರು, ಎಂದು ಬರೆದರು, ಯಾರ ಮಾತನ್ನು ನಂಬಿದರು, ಯಾವ ಪ್ರಯೋಜನವನ್ನು ಬಯಸಿದರು ಎಂಬ ಐದು ಪ್ರಶ್ನೆಗಳನ್ನು ಪ್ರತಿಯೊಂದು ಕಾಗದಕ್ಕೂ ಕೇಳಬೇಕು. ವೈರಿಯ ಬರಹವೆಂದು ತಳ್ಳುವದೂ ಸಲ್ಲದು. ಕಿತ್ತೂರಿನಲ್ಲಿ ಸೆರೆಯಲ್ಲಿದ್ದ ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಅವನ ತರುವಾಯ ಫ್ಲೀಟನು ಸವದತ್ತಿಯ ರಟ್ಟರ ಶಾಸನಗಳನ್ನು ಅಚ್ಚಿಗೆ ತಂದನು.

ಕಾಗದದ ಬೆಲೆಯು ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಲ್ಲ. 1852ರ ಕಾಯಿದೆಯ ಮೇರೆಗೆ ಇನಾಮು ಕಮಿಶನ್ನಿನವರು ಈ ಸೀಮೆಯ ಇನಾಮುಗಳ ವಿಚಾರಣೆ ನಡೆಸಿದಾಗ, ಹಕ್ಕನ್ನು ಸ್ಥಾಪಿಸಲಾರದ ಎಷ್ಟೋ ಮನೆತನಗಳು ಭೂಮಿಯನ್ನು ಕಳೆದುಕೊಂಡವು. ಅಂದು ಸನದು ಹೋದರೆ ಹೊಲವು ಹೋಗುತ್ತಿತ್ತು. ಇಂದು ಕಡತವು ಹೋದರೆ ಊರಿನ ನೆನಪೇ ಹೋಗುವದು.

ಮಠಗಳ ಗೂಡುಗಳಲ್ಲಿ, ವಾಡೆಗಳ ಅಟ್ಟಗಳಲ್ಲಿ, ಕುಲಕರ್ಣಿ ಮನೆತನಗಳ ಪೆಟ್ಟಿಗೆಗಳಲ್ಲಿ ಓಲೆಗರಿಗಳೂ ಲೆಕ್ಕದ ವಹಿಗಳೂ ಇನ್ನೂ ಇರುವವು. ಗೆದ್ದಲು ತಿನ್ನುವದು ಒಂದು ಕೇಡು. ರದ್ದಿಗೆ ಮಾರುವದು ಅದಕ್ಕಿಂತ ದೊಡ್ಡ ಕೇಡು. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಕೂಡಿಸಿ ಶೋಧಿಸದಿದ್ದರೆ 1923ರಲ್ಲಿ ವಚನಶಾಸ್ತ್ರಸಾರವು ಬೆಳಕಿಗೆ ಬರುತ್ತಿರಲಿಲ್ಲ. ಆದ್ದರಿಂದ ಭಕ್ತರು ಕಟ್ಟನ್ನು ಬಿಚ್ಚಿ ಹಂಚಿಕೊಳ್ಳಬಾರದು; ಯಾವ ಊರಿನದು, ಯಾವ ಮನೆಯದು ಎಂದು ಚೀಟಿ ಬರೆದಿಡಬೇಕು; ಒಣಗಿದ ಸ್ಥಳದಲ್ಲಿ ಅರಿವೆಯಲ್ಲಿ ಸುತ್ತಿಡಬೇಕು; ಬಲ್ಲವರಿಂದ ಛಾಯಾಪ್ರತಿ ತೆಗೆಯಿಸಬೇಕು. ಓದಲು ಬಾರದ ಕಾಗದವೂ ನಿರುಪಯೋಗಿಯಲ್ಲ. ಓದುವವನು ನಾಳೆ ಹುಟ್ಟಬಹುದು. ಅವನು ಬರುವ ವರೆಗೆ ಕಾಯುವದೇ ಹಿರಿಯರ ಋಣವನ್ನು ತೀರಿಸುವ ಕಾಯಕವು.